ಕಣದ ಅಂಚಿಗೆ ಬಿಟ್ಟ ಬೂಟುಗಳು

ಆ ಪಿಕ್ಚರಿನ ಹೆಸರು ನಾನು ಹೇಳುವುದಿಲ್ಲ. ಹೇಳಿದರೂ ಯಾರಿಗೂ ನೆನಪಿರಲಾರದು. ಒಂದೇ ಒಂದು ಟಾಕೀಸಿನಲ್ಲಿ ವಾರದ ಮಟ್ಟಿಗೆ ತೆವಳಿ ಡಬ್ಬ ಸೇರಿತು. ಐವತ್ತರ ದಶಕದ ನಡುವಿನ ಮಾತು ಇದು. ನಾನಾಗ ರಾಜಾಜಿನಗರದ ಹತ್ತಿರದ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲಿನವರ ಮೇಲೆ ಮೇಸ್ತ್ರಿ. ಮೂರು ವಾರ ರಜ ಹಾಕಿ ಆ ಯುದ್ಧದ ಪಿಕ್ಚರಿಗೆ ಮಿಲಿಟರಿ ಸಲಹೆಗಾರನಾಗಿ ಸೇರಿಕೊಂಡೆ. ಬರ್ಮಾದ ಕಾಡಿನಲ್ಲಿ ಹವಾಲ್ದಾರನಾಗಿ ದುಡಿದು ಬಂದವನು ನಾನು. ಅಲ್ಲಿಯೂ ಬಾರದ ತಲೆನೋವು ಕುರುಬರಹಳ್ಳಿಯ ಹೊಲದಲ್ಲಿ ಬಂತು.

ಸೇರಿಕೊಂಡಿದ್ದಕ್ಕೆ ಕಾರಣ ಒಂದೇ. ನಮ್ಮ ಪಲ್ಟನ್ನಿನಲ್ಲಿ ನನ್ನ ಜೊತೆಗಿದ್ದ ಗೆಳೆಯನೊಬ್ಬ ಬರ್ಮಾದಲ್ಲೇ ಉಳಿದುಬಿಟ್ಟ. ಅವನು ಕುರುಬರಹಳ್ಳಿಯವನು. ಅವನ ತಾಯಿ ಅಲ್ಲೇ, ನನ್ನ ಮನೆಯಿಂದ ಅರ್ಧ ಗಂಟೆ ನಡೆದರೆ ಸಿಗುವ ಊರಿನಲ್ಲಿ, ಮೈದುನನ ಮಕ್ಕಳ ಜೊತೆ ರಾಗಿ ಬೆಳೆದುಕೊಂಡು ಇದ್ದಳು. ತಿಂಗಳಿಗೊಮ್ಮೆ ಹೋಗಿ ಮಾತಾಡಿಸಿಕೊಂಡು ಬರುತ್ತಿದ್ದೆ. ಹೋದಾಗಲೆಲ್ಲ ಅದೇ ಪ್ರಶ್ನೆ.

"ಅವನು ಹೆಂಗ್ ಹೋದ ಅಂತ ಇನ್ನೊಂದ್ ಸಲ ಹೇಳಪ್ಪಾ."

ನಾನು ಹೇಳುತ್ತಿದ್ದೆ. ಎಲ್ಲರಿಗಿಂತ ಮುಂದೆ ನುಗ್ಗಿದ, ಎದೆಗೆ ಗುಂಡು ಬಿತ್ತು, 'ಅವ್ವಾ' ಅಂತ ಒಂದು ಸಲ ಕೂಗಿದ, ಅಷ್ಟೇ, ನೋವಾಗಲಿಲ್ಲ. ಇದು ಸುಳ್ಳು. ಹತ್ತು ವರ್ಷ ಹೇಳಿ ಹೇಳಿ ನಯವಾಗಿದ್ದ ಸುಳ್ಳು. ಆದರೂ ಅವಳಿಗೆ ಅದು ಸಾಲುತ್ತಿರಲಿಲ್ಲ. ಯಾವ ಕೈಯಲ್ಲಿ ಕೋವಿ ಇತ್ತು, ಯಾವ ಕಡೆಗೆ ಬಿದ್ದ, ಮುಖ ಮೇಲಿತ್ತೋ ಕೆಳಗಿತ್ತೋ ಎಂದು ಕೇಳುತ್ತಿದ್ದಳು. ಒಂದು ಸಲ ಬಲಕ್ಕೆ ಬಿದ್ದ ಎಂದಿದ್ದೆನಂತೆ, ಇನ್ನೊಂದು ಸಲ ಎಡಕ್ಕೆ. ಅವಳು ಅದನ್ನೂ ನೆನಪಿಟ್ಟುಕೊಂಡು ಕೇಳಿದಳು. ಆ ಹೊತ್ತಿಗೆ ಸರಿಯಾಗಿ ಪಿಕ್ಚರಿನ ನಿರ್ದೇಶಕರು ನನ್ನ ಮನೆಗೆ ಬಂದು, "ಹವಾಲ್ದಾರ್ ಸಾಹೇಬ್ರೆ, ನಮ್ ಪಿಕ್ಚರಿಗೆ ಒಂದು ನಿಜವಾದ ಘಟನೆ ಬೇಕಲ್ಲ" ಎಂದರು. ನಾನು ಅದೇ ಸುಳ್ಳನ್ನು ಹೇಳಿದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು.

"ಇದೇ ನಮ್ ಕ್ಲೈಮ್ಯಾಕ್ಸು! ನೀವು ಹೇಳಿದ ಹಾಗೇ ತೆಗೀತೀನಿ, ಒಂದು ಕೂದಲೂ ಆಚೀಚೆ ಆಗಲ್ಲ."

ನನ್ನ ಲೆಕ್ಕಾಚಾರ ಬೇರೆ ಇತ್ತು. ಸೀನು ಚೆನ್ನಾಗಿ ಬಂದರೆ ಅವಳನ್ನು ಟಾಕೀಸಿಗೆ ಕರೆದುಕೊಂಡು ಹೋಗಿ ತೋರಿಸುವುದು. ಕಣ್ಣಾರೆ ನೋಡಿಬಿಟ್ಟರೆ ಮತ್ತೆ ಕೇಳುವುದಿಲ್ಲ. ನನ್ನ ಬಾಯಿಗೂ ಬಿಡುಗಡೆ. ಪಿಕ್ಚರ್ ನಿಜದ ಹಾಗೆ ಕಾಣುವುದು ನಿರ್ದೇಶಕರಿಗಿಂತ ನನಗೆ ಹೆಚ್ಚು ಬೇಕಾಗಿತ್ತು. ಅದಕ್ಕೇ ಮೊದಲ ದಿನವೇ ಸಾಮಾನು ನೋಡಿ ತಲೆ ಚಚ್ಚಿಕೊಂಡೆ.

ಕಂಪನಿಯವರು ರಾಜಾಜಿನಗರದ ಒಂದು ಹೊಸ ಮನೆಯನ್ನು ಆಫೀಸು ಮಾಡಿಕೊಂಡಿದ್ದರು. ಸುತ್ತಲೂ ಬರೀ ಸೈಟಿನ ಕಲ್ಲುಗಳು. ಅಂಗಳದಲ್ಲಿ ಯುದ್ಧದ ಸಾಮಾನೆಲ್ಲ ಹರವಿತ್ತು. ಕೋವಿಗಳನ್ನು ಬಡಗಿ ಮರದಲ್ಲಿ ಕೆತ್ತಿ, ತುದಿಗೆ ನಲ್ಲಿಯ ಪೈಪು ಕೂರಿಸಿ ಕಪ್ಪು ಬಳಿದಿದ್ದ. ಹೆಲ್ಮೆಟ್ಟುಗಳು ಕಾಗದದವು. ಬಾಣಲೆ ಬೋರಲು ಹಾಕಿ, ಅದರ ಮೇಲೆ ಹಳೇ ಪೇಪರನ್ನು ಗಂಜಿಯಲ್ಲಿ ಅಂಟಿಸಿ ಒಣಗಿಸಿದ್ದು. ಹಾಕಿಕೊಂಡು ಅರ್ಧ ದಿನ ಬೆವರಿದರೆ ಮೆತ್ತಗಾಗಿ ಕಿವಿಯ ಮೇಲೆ ಇಳಿಯುತ್ತಿದ್ದವು. ಬಟ್ಟೆಗೆ ಬಣ್ಣವನ್ನು ಎಲ್ಲೋ ಗುಡಾಣದಲ್ಲಿ ಅದ್ದಿಸಿ ತಂದಿದ್ದರು. ಒಬ್ಬನ ಖಾಕಿ ಸಾಸಿವೆಯ ಬಣ್ಣ, ಪಕ್ಕದವನದು ಹುಣಸೆಹಣ್ಣಿನ ಬಣ್ಣ.

"ಇದೇನ್ ಸಾರ್, ಒಂದೇ ಪಲ್ಟನ್ನಿನವರು ಅಂತ ಯಾರ್ ನಂಬ್ತಾರೆ?" ಎಂದೆ.

"ಬ್ಲಾಕ್ ಅಂಡ್ ವೈಟ್‌ನಲ್ಲಿ ಎಲ್ಲಾ ಒಂದೇ ಕಾಣುತ್ತೆ ಬಿಡಿ. ಪಬ್ಲಿಕ್‌ಗೆ ಏನ್ ಗೊತ್ತಾಗುತ್ತೆ?"

ಪಬ್ಲಿಕ್‌ಗೆ ಏನ್ ಗೊತ್ತಾಗುತ್ತೆ! ಮೂರು ವಾರದಲ್ಲಿ ಈ ಮಾತನ್ನು ನಾನು ನೂರು ಸಲ ಕೇಳಿದ್ದೇನೆ. ಕೇಳಿದಾಗಲೆಲ್ಲ ಮೈ ಉರಿದುಹೋಗುತ್ತಿತ್ತು. ಬೋಲ್ಟ್ ಎಳೆಯದೆ ಕೋವಿಯಿಂದ ಎರಡನೇ ಗುಂಡು ಹೊರಡುವುದಿಲ್ಲ ಎಂದು ಹೇಳಿ, ಇಲ್ಲದ ಬೋಲ್ಟನ್ನು ಎಳೆಯುವ ಹಾಗೆ ಕೈ ಆಡಿಸುವುದನ್ನು ಹುಡುಗರಿಗೆ ಒಂದು ಇಡೀ ದಿನ ಕಲಿಸಿದೆ. ನಿರ್ದೇಶಕರು ಅದನ್ನು ತೆಗೆಸಿಹಾಕಿದರು. "ಇವರು ಹಿಂಗ್ ಎಳೀತಾ ಕೂತ್ರೆ ಹೀರೋ ಡೈಲಾಗ್ ಯಾವಾಗ ಹೇಳೋದು?" ನಾಟಕದ ಕಂಪನಿಯಿಂದ ಬಂದ ಆ ಹೀರೋ ಮಹಾಶಯ ಒಂದು ಸಲವೂ ಗುಂಡು ತುಂಬದೆ ಹದಿನಾಲ್ಕು ಜನರನ್ನು ಹೊಡೆದು ಬೀಳಿಸಿದ. ಆ ಹದಿನಾಲ್ಕು ಜನವೂ ನಮ್ಮವರೇ. ಬೆಳಿಗ್ಗೆ ನಮ್ಮ ಸೈನಿಕರು, ಊಟ ಆದಮೇಲೆ ಟೋಪಿ ಬದಲಾಯಿಸಿಕೊಂಡು ಶತ್ರುಗಳು. ಹುಬ್ಬಿನ ಮೇಲೆ ಮಚ್ಚೆ ಇದ್ದವನೊಬ್ಬ ಬೆಳಿಗ್ಗೆ ಗುಂಡು ಹೊಡೆದು ಮಧ್ಯಾಹ್ನ ಅದೇ ಗುಂಡಿಗೆ ಸತ್ತ. ನಾನು ಬೆರಳು ಮಾಡಿ ತೋರಿಸಿದ್ದಕ್ಕೆ ಮೇಕಪ್ಪಿನವನು ಆ ಮಚ್ಚೆಯನ್ನು ಇನ್ನೊಂದು ಹುಬ್ಬಿಗೆ ಬರೆದ. ಹಳೆಯ ಮಚ್ಚೆಯನ್ನು ಅಳಿಸುವುದು ಮರೆತ.

ಟ್ಯಾಂಕಿನ ವಿಷಯ ಹೇಳದಿದ್ದರೆ ಅನ್ಯಾಯವಾಗುತ್ತದೆ. ಎತ್ತಿನ ಗಾಡಿಗೆ ತಗಡು ಹೊದಿಸಿ, ಮುಂದೆ ಸಿಮೆಂಟಿನ ಪೈಪು ಕಟ್ಟಿ, ಎತ್ತುಗಳನ್ನೂ ಒಳಗೇ ಮುಚ್ಚಿದ್ದರು. ಕಾಲು ಕಾಣಬಾರದೆಂದು ಕೆಳಗೆ ಸೊಪ್ಪು ಇಳಿಬಿಟ್ಟಿದ್ದರು. ಟ್ಯಾಂಕು ನಾಲ್ಕು ಮಾರು ಬಂದು ನಿಂತಿತು. ಒಳಗಿನ ಎತ್ತು ಮುಂದೆ ಇಳಿಬಿಟ್ಟ ಸೊಪ್ಪನ್ನು ತಿನ್ನುತ್ತಾ ಇತ್ತು. ಛಾಯಾಗ್ರಾಹಕರು ಒಬ್ಬರೇ ಆ ಗುಂಪಿನಲ್ಲಿ ನನ್ನ ಹಾಗೆ ನಿಟ್ಟುಸಿರು ಬಿಡುತ್ತಿದ್ದವರು. "ಹೊಗೆ ಜಾಸ್ತಿ ಹಾಕಿ, ಎಷ್ಟು ಕಾಣಲ್ವೋ ಅಷ್ಟು ಒಳ್ಳೇದು" ಎಂದರು.

ಹುಡುಗರ ಬಗ್ಗೆ ಮಾತ್ರ ನನಗೆ ದೂರಿಲ್ಲ. ನಲವತ್ತು ಜನ, ಎಲ್ಲಾ ಕುರುಬರಹಳ್ಳಿ ಮತ್ತು ಸುತ್ತಿನ ಒಕ್ಕಲು ಮಕ್ಕಳು. ಕೊಯ್ಲು ಮುಗಿದು ಒಕ್ಕಣೆ ಶುರುವಾಗುವ ಮೊದಲಿನ ಬಿಡುವಿನಲ್ಲಿ ಬಂದಿದ್ದರು. ಎಂಟು ದಿನ ಪರೇಡು ಮಾಡಿಸಿದೆ. ಸಾವಧಾನ್ ಎಂದರೆ ಮರದ ಹಾಗೆ ನಿಲ್ಲುತ್ತಿದ್ದರು. ಬೂಟು ಒಂದೇ ತೊಂದರೆ. ಸಂತೆಯಲ್ಲಿ ತೂಕಕ್ಕೆ ಕೊಂಡ ಹಳೇ ಮಿಲಿಟರಿ ಬೂಟುಗಳು. ಯಾವುದೂ ಯಾರ ಕಾಲಿಗೂ ಅಲ್ಲ. ಒಳಗೆ ಹುಲ್ಲು ತುರುಕಿಕೊಂಡು, ಲೇಸಿಲ್ಲದ ಕಡೆ ಗೋಣಿದಾರ ಕಟ್ಟಿಕೊಂಡು ನಡೆಯುತ್ತಿದ್ದರು. ಹುಟ್ಟಿದಮೇಲೆ ಬೂಟು ಹಾಕದ ಕಾಲುಗಳು, ಬೊಬ್ಬೆ ಎದ್ದವು. ವಿಶ್ರಾಮ್ ಎಂದ ತಕ್ಷಣ ಎಲ್ಲರೂ ಬಿಚ್ಚಿ ಕೂರುತ್ತಿದ್ದರು. ನಾನು ಗದರಿಸಿದೆ. "ನಾನ್ ಹೇಳೋವರ್ಗೂ ಯಾವನೂ ಬೂಟ್ ಬಿಚ್ಚಂಗಿಲ್ಲ! ಸೋಲ್ಜರ್ ಬೂಟ್ ಬಿಚ್ಚಿದ ಅಂದ್ರೆ ಸತ್ತ ಅಂತ ಲೆಕ್ಕ!" ಹೇಳಿದ ಮೇಲೆ ನನಗೇ ಏನೋ ಆಯಿತು. ಒಂದು ಲೋಟ ನೀರು ಕುಡಿದು ಪರೇಡು ಮುಂದುವರಿಸಿದೆ.

ಕ್ಲೈಮ್ಯಾಕ್ಸನ್ನು ಬಂಡೆಯ ಇಳಿಜಾರಿನಲ್ಲಿ ತೆಗೆಯಬೇಕೆಂದಿತ್ತು. ಆ ದಿನ ಬೆಳಿಗ್ಗೆ ಛಾಯಾಗ್ರಾಹಕರು ಆಗುವುದಿಲ್ಲ ಎಂದರು. ಬಂಡೆಯ ನೆರಳು ಮುಖಗಳನ್ನು ನುಂಗುತ್ತದೆ, ಬೆಳಕು ತಿರುಗಿಸಲು ಇದ್ದ ಬೇಗಡೆ ಹಲಗೆಗಳು ಹರಿದುಹೋಗಿವೆ. ಅವರು ಹೊಲದಲ್ಲಿ ಸುತ್ತಾಡಿ ಒಂದು ಜಾಗ ಆರಿಸಿದರು. ಕೆಂಪು ಮಣ್ಣಿನ ನಡುವೆ ದುಂಡಗೆ, ಮಟ್ಟಸವಾಗಿ, ಬೆಳ್ಳಗೆ ಕಾಣುವ ನೆಲ. ಬಿಸಿಲು ಅದರಿಂದ ಮೇಲಕ್ಕೆ ಚಿಮ್ಮಿ ಮುಖಕ್ಕೆ ಬರುತ್ತಿತ್ತು. ಅದು ನನ್ನ ಗೆಳೆಯನ ತಾಯಿಯ ಕಣ. ನೆಲ ಕೆತ್ತಿ, ನೀರು ಹಾಕಿ ಬಡಿದು, ಸಗಣಿಯ ಬಗ್ಗಡ ಸಾರಿಸಿ, ರಾಗಿ ಒಕ್ಕಲು ಸಿದ್ಧ ಮಾಡಿ ಇಟ್ಟಿದ್ದಳು. ಪಕ್ಕದಲ್ಲಿ ರಾಗಿ ಮೆದೆ ಒಟ್ಟಿತ್ತು.

ಕೇಳಲು ನಾನೇ ಹೋದೆ. ಪಿಕ್ಚರಿನಲ್ಲಿ ಅವನ ಕಥೆ ಬರುತ್ತದೆಂದು ಅವಳಿಗೆ ಮೊದಲೇ ಹೇಳಿದ್ದೆ.

"ಇದು ಅವನ್ದೇ ಸೀನಾ?" ಎಂದಳು.

"ಹೂಂ ಅವ್ವ."

"ಹಂಗಾದ್ರೆ ತಗಳ್ಳಿ. ಒಕ್ಕಣೆ ನಾಲ್ಕ್ ದಿನ ತಡ ಆದ್ರೆ ಆಗ್ಲಿ. ನಾನೂ ಬಂದು ಕೂತ್ಕತೀನಿ, ನೋಡ್ಬೌದಲ್ವಾ?"

ಬಾ ಅವ್ವ ಎಂದೆ. ಅವಳು ಮೆದೆಯ ನೆರಳಲ್ಲಿ, ಸೆರಗು ತಲೆಗೆ ಹೊದ್ದು ಕೂತಳು. ಟಾಕೀಸಿನ ಕತ್ತಲಲ್ಲಿ ತೋರಿಸಬೇಕೆಂದಿದ್ದ ಸುಳ್ಳನ್ನು ಈಗ ಹಾಡುಹಗಲಲ್ಲಿ, ಕಾಗದದ ಹೆಲ್ಮೆಟ್ಟಿನಲ್ಲಿ, ಅವಳೆದುರಿಗೇ ಆಡಿಸಬೇಕಾಯಿತು.

ಏರ್ಪಾಟು ಹೀಗಿತ್ತು. ಕ್ಯಾಮೆರಾ ಕಣದ ಆಚೆ ಅಂಚಿನಲ್ಲಿ, ನೆಲಮಟ್ಟದಲ್ಲಿ. ಅದು ಗಡಿಯಾರದ ಹಾಗೆ ಕೀಲಿ ಕೊಡುವ ಕ್ಯಾಮೆರಾ, ಒಂದು ಸಲ ತಿರುಗಿಸಿದರೆ ಅರ್ಧ ನಿಮಿಷ ಓಡುತ್ತದೆ. ಉಳಿದಿದ್ದ ಫಿಲ್ಮು ಎರಡೇ ಎರಡು ಸಲಕ್ಕೆ. ಪರ್ಮಿಟ್ಟಿಲ್ಲದೆ ಇನ್ನೊಂದು ಅಡಿ ಫಿಲ್ಮು ಸಿಗುವಂತಿರಲಿಲ್ಲ. ಹುಡುಗರು ಈಚೆಯ ಹೊಲದ ಕೂಳೆಯಲ್ಲಿ ಅಡಗಿ ಕೂತಿರಬೇಕು. ನಾಲ್ಕು ಕುಣಿಗಳಲ್ಲಿ ಹೊಟ್ಟು ಮತ್ತು ಇದ್ದಿಲಪುಡಿಯ ಕೆಳಗೆ ಗರ್ನಾಲು ಹೂತಿತ್ತು. ಜಾತ್ರೆಯಲ್ಲಿ ಸಿಡಿಸುವ ಗರ್ನಾಲು, ನಮ್ಮ ಬಾಂಬು ಅದೇ. ಎರಡನೆಯದು ಸಿಡಿದ ತಕ್ಷಣ ಎದ್ದು, ಕೂಗುತ್ತಾ ಓಡಿ, ಕಣದ ಮೇಲೆ ಬರಬೇಕು. ಹೀರೋ ನಡುವೆ ಬಂದು ಎದೆ ಹಿಡಿದುಕೊಂಡು ಬೀಳಬೇಕು.

ಗರ್ನಾಲು ಸಿಡಿಯಿತು. ಹುಡುಗರು ಎದ್ದರು. ಸುಳ್ಳು ಯಾಕೆ ಹೇಳಲಿ, ನನ್ನ ಎದೆ ಉಬ್ಬಿತು. ಸಾಲು ಮುರಿಯದೆ, ಕೋವಿ ಎದೆಯ ಮಟ್ಟದಲ್ಲಿ ಹಿಡಿದು, ಧೂಳೆಬ್ಬಿಸಿಕೊಂಡು ಬಂದರು. ಮರದ ಕೋವಿ ಎಂದು ನನಗೇ ಮರೆತುಹೋಯಿತು. ಹೀರೋ ಮುಂದೆ, ನಲವತ್ತು ಜನ ಹಿಂದೆ. ಹೀರೋ ಕಣಕ್ಕೆ ಕಾಲಿಟ್ಟ.

ನಲವತ್ತು ಜನ ಕಣದ ಅಂಚಿನಲ್ಲಿ ನಿಂತರು. ಬಗ್ಗಿದರು. ಬೂಟು ಕಳಚಿದರು. ಅದೂ ಎಲ್ಲೆಂದರಲ್ಲಿ ಎಸೆಯಲಿಲ್ಲ. ಅಂಚಿಗೆ ಸಾಲಾಗಿ, ಜೊತೆ ಜೊತೆಯಾಗಿ ಬಿಟ್ಟರು. ಆಮೇಲೆ ಕೋವಿ ಎತ್ತಿಕೊಂಡು ಬರಿಗಾಲಿನಲ್ಲಿ, ಮೊದಲಿಗಿಂತ ಜೋರಾಗಿ ಕೂಗುತ್ತಾ, ಇಲ್ಲದ ಶತ್ರುವಿನ ಮೇಲೆ ಬಿದ್ದರು. ಅಷ್ಟು ಹೊತ್ತೂ ಹೀರೋ ಒಬ್ಬನೇ ಕಣದ ನಡುವೆ ನಿಂತು, ತನ್ನ ಸೈನ್ಯ ಎಲ್ಲಿ ಎಂದು ಹಿಂದಕ್ಕೆ ತಿರುಗಿ ನೋಡುತ್ತಿದ್ದ. ಕೀಲಿ ಮುಗಿದು ಕ್ಯಾಮೆರಾ ನಿಂತಿತು.

ನಿರ್ದೇಶಕರು ಟೋಪಿಯನ್ನು ನೆಲಕ್ಕೆ ಬಡಿದರು. "ಏನ್ರೋ ಇದು! ಯುದ್ಧಕ್ಕೆ ಬಂದಿದೀರೋ ದೇವಸ್ಥಾನಕ್ಕೆ ಬಂದಿದೀರೋ?"

ಮಚ್ಚೆಯ ಹುಡುಗ ಪಿಳಿಪಿಳಿ ಕಣ್ಣು ಬಿಟ್ಟ. "ಕಣ ಅಲ್ವಾ ಸಾರ್?"

"ಕಣ ಆದ್ರೆ?"

"ಮೆಟ್ಟು ಹಾಕ್ಕೊಂಡು ಕಣ ತುಳಿಯೋದುಂಟಾ ಸಾರ್? ಅನ್ನ ಬೀಳೋ ಜಾಗ."

ಛಾಯಾಗ್ರಾಹಕರು ಮುಖ ತಿರುಗಿಸಿಕೊಂಡು ನಕ್ಕರು. ನಾನು ನಗಲಿಲ್ಲ. ಆ ನಲವತ್ತು ಜೊತೆ ಬೂಟುಗಳನ್ನು ನೋಡುತ್ತಾ ನಿಂತುಬಿಟ್ಟೆ.

"ಹವಾಲ್ದಾರ್ ಸಾಹೇಬ್ರೆ, ಇನ್ನೊಂದೇ ಟೇಕು ಇರೋದು. ಬಿಸಿಲು ಇಳೀತಾ ಇದೆ. ಇವರು ನನ್ ಮಾತು ಕೇಳಲ್ಲ. ನೀವು ಆರ್ಡರ್ ಕೊಡಿ. ಬೂಟ್ ಹಾಕ್ಕೊಂಡೇ ಓಡ್ಬೇಕು!"

ಹುಡುಗರು ನನ್ನ ಮುಖ ನೋಡಿದರು. "ಅವ್ವನ ಕಣ ಅಣ್ಣಾ," ಎಂದ ಒಬ್ಬ. "ಬ್ಯಾರೆ ಏನ್ ಹೇಳಿದ್ರೂ ಮಾಡ್ತೀವಿ." ನಾನು ಒಂದು ಸಲ ದನಿ ಎತ್ತಿದ್ದರೆ ಅವರು ಓಡುತ್ತಿದ್ದರು, ನನಗೆ ಗೊತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮೆದೆಯ ಕಡೆಯಿಂದ ಎದ್ದು ಬಂದಳು. ಮುಖದಲ್ಲಿ ನಗು ಇತ್ತು.

"ಬೈಬ್ಯಾಡಿ ಮಕ್ಕಳ್ನ. ನನ್ ಮಗನೂ ಹಿಂಗೇ. ಕೂಸಿದ್ದಾಗ್ಲೇ ಹೇಳ್ಕೊಟ್ಟಿದ್ದೆ, ಯಾರ್ ಕಣ ಆದ್ರೂ ಸರಿಯೇ, ಮೆಟ್ಟು ಬಿಟ್ಟೇ ಕಾಲಿಡಬೇಕು ಅಂತ." ಆಮೇಲೆ ನನ್ನ ಕಡೆಗೆ ತಿರುಗಿ, ತಮಾಷೆಗೆ ಎಂಬಂತೆ ಕೇಳಿದಳು: "ಅಲ್ಲೂ ಹಿಂಗೇ ಬಿಚ್ತಿದ್ನೇನಪ್ಪಾ?"

ಹತ್ತು ವರ್ಷದಲ್ಲಿ ಅವಳು ಕೇಳದೇ ಇದ್ದ ಪ್ರಶ್ನೆ ಅದೊಂದೇ. ಅದಕ್ಕೆ ನನ್ನಲ್ಲಿ ಸುಳ್ಳು ತಯಾರಿರಲಿಲ್ಲ.

ಅವಳ ಕೈ ಹಿಡಿದು ಮೆದೆಯ ಹಿಂದಕ್ಕೆ ಕರೆದುಕೊಂಡು ಹೋದೆ. ನಿರ್ದೇಶಕರು ಹಿಂದಿನಿಂದ ಕೂಗುತ್ತಲೇ ಇದ್ದರು. ಹೇಳಿಬಿಟ್ಟೆ. ಅದು ಯುದ್ಧವೂ ಆಗಿರಲಿಲ್ಲ. ಜನ ಬಿಟ್ಟುಹೋಗಿದ್ದ ಒಂದು ಹಳ್ಳಿ. ನಾವು ಏಳು ಜನ ಗುಡಿಸಲುಗಳನ್ನು ಹುಡುಕುತ್ತಾ ಹೋಗುತ್ತಿದ್ದೆವು. ನಡುವೆ ಒಂದು ಕಣ ಬಂತು. ನಾನು ಪೇಟೆಯಲ್ಲಿ ಬೆಳೆದವನು. ಬೂಟಿನಲ್ಲೇ ದಾಟಿದೆ, ಉಳಿದವರೂ ದಾಟಿದರು. ಕೊನೆಯಲ್ಲಿ ಇದ್ದವನು ಅವನು. ತಿರುಗಿ ನೋಡಿದರೆ ಕಣದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಲೇಸು ಬಿಚ್ಚುತ್ತಿದ್ದ. ಬಾರೋ ಎಂದು ಹಲ್ಲು ಕಚ್ಚಿ ಕರೆದೆ. ತಡಿ ಎಂದು ಕೈ ತೋರಿಸಿದ. ಮರದ ಮೇಲಿನಿಂದ ಒಂದೇ ಗುಂಡು ಬಂತು.

ಅವಳು ಮೆದೆಯಿಂದ ಒಂದು ರಾಗಿ ತೆನೆ ಕಿತ್ತು ಅಂಗೈಯಲ್ಲಿ ಉಜ್ಜುತ್ತಿದ್ದಳು.

"ಎರಡೂ ಬಿಚ್ಚಿದ್ನಾ?" ಎಂದಳು.

"ಒಂದು ಬಿಚ್ಚಿದ್ದ. ಇನ್ನೊಂದರ ಲೇಸು ಕೈಯಲ್ಲಿತ್ತು."

"ಕಣದಾಗೆ ಕಾಳಿತ್ತಾ?"

"ಇತ್ತವ್ವ. ಭತ್ತ. ಅರ್ಧ ತೂರಿ ಬಿಟ್ಟು ಓಡಿಹೋಗಿದ್ದರು."

"ಇಷ್ಟ್ ವರ್ಷ ಯಾಕಪ್ಪಾ ಹೇಳ್ಲಿಲ್ಲ?"

"ನೀನೇ ಕಲಿಸಿದ್ದು ಅಂತ ಅವನು ಹೇಳ್ತಿದ್ದ ಅವ್ವ. ಹೆಂಗ್ ಹೇಳ್ಲಿ?" ಎಂದೆ. ನನಗೆ ಅಳು ಬಂತು. ಅಳು ಮಾತ್ರವಲ್ಲ, ಸಿಟ್ಟೂ ಬಂತು. ಹತ್ತು ವರ್ಷದಿಂದ ಅವನ ಮೇಲೆ ನನಗಿದ್ದ ಸಿಟ್ಟು ಅದು. "ಎಂಥಾ ದಡ್ಡ ಕೆಲಸ ಮಾಡ್ದ ನೋಡು! ಎದ್ದು ಬಂದಿದ್ರೆ ಇವತ್ತು ಇಲ್ಲಿ ಕೂತು ಬೀಡಿ ಸೇದ್ತಿದ್ದ."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಯುದ್ಧದಾಗೆ ತುಳಿಬೌದು ಅಂತ ನಾನು ಹೇಳ್ಕೊಟ್ಟಿರ್ಲಿಲ್ಲ ಕಣಪ್ಪಾ," ಎಂದಳು. "ನಂಗೇನ್ ಗೊತ್ತಿತ್ತು?"

ಆಮೇಲೆ ಎದ್ದು ನೆಟ್ಟಗೆ ಕಣದ ಕಡೆಗೆ ನಡೆದಳು. ನಾನು ಹಿಂದೆ ಹೋದೆ. ಸಾಲಾಗಿದ್ದ ಬೂಟುಗಳಲ್ಲಿ ಒಂದು ಜೊತೆಯನ್ನು ಅವಳೇ ಬಗ್ಗಿ ಎತ್ತಿಕೊಂಡಳು. ಎತ್ತಿ, ಸಾರಿಸಿದ ಕಣದ ಮೇಲೆ ತನ್ನ ಕೈಯಾರೆ ಇಟ್ಟಳು.

"ಹಾಕ್ಕೊಳ್ರಪ್ಪಾ," ಎಂದಳು. ಎಲ್ಲರಿಗೂ ಕೇಳಿಸಿತು. "ಯಾರೂ ಬಿಚ್ಚಬ್ಯಾಡಿ. ನಿಲ್ಲಲೂ ಬ್ಯಾಡಿ. ಹಿಂದೆ ಮುಂದೆ ನೋಡ್ದೆ ತುಳ್ಕೊಂಡು ಹೋಗ್ರಿ. ನಾನ್ ಹೇಳ್ತಾ ಇದೀನಿ."

ನಾನು ಆರ್ಡರ್ ಕೊಡಬೇಕಾಗಲಿಲ್ಲ. ಎರಡನೇ ಸಲ ಗರ್ನಾಲು ಸಿಡಿದಾಗ ನಲವತ್ತು ಜನವೂ ಬೂಟಿನಲ್ಲಿ ಬಂದರು, ಕಣದ ಮೇಲೆ ಹಾದು ಹೋದರು. ಯಾರೂ ಕೂಗಲಿಲ್ಲ. ಕೂಗಬೇಕೆಂದು ಅವರಿಗೆ ಮರೆತುಹೋಗಿತ್ತು. ಹೀರೋ ಎದೆ ಹಿಡಿದುಕೊಂಡು ಎರಡು ಸುತ್ತು ತಿರುಗಿ, ಬಿದ್ದು, ಮತ್ತೆ ಮೊಣಕೈ ಊರಿ ಎದ್ದು, ತಾಯಿನಾಡಿನ ಬಗ್ಗೆ ಒಂದು ಡೈಲಾಗ್ ಹೇಳಿ ಸತ್ತ. ಅವಳು ಅವನ ಕಡೆ ನೋಡಲೇ ಇಲ್ಲ. ಹುಡುಗರ ಕಾಲುಗಳನ್ನೇ ನೋಡುತ್ತಿದ್ದಳು. ಕೊನೆಯವನು ಆಚೆ ದಾಟಿದ ಮೇಲೆ ಕೂತುಕೊಂಡಳು.

"ಫಸ್ಟ್ ಕ್ಲಾಸ್!" ಎಂದರು ನಿರ್ದೇಶಕರು. "ಇನ್ನೊಂಚೂರು ಕೂಗಿದ್ರೆ ಇನ್ನೂ ಚೆನ್ನಾಗಿರೋದು. ಇರ್ಲಿ, ಆಮೇಲೆ ಸೌಂಡ್ ಸೇರಿಸಿದ್ರಾಯ್ತು. ಪಬ್ಲಿಕ್‌ಗೆ ಏನ್ ಗೊತ್ತಾಗುತ್ತೆ?"

ನನಗೆ ಜಗಳ ಆಡುವ ಶಕ್ತಿ ಇರಲಿಲ್ಲ. ಸಾಮಾನೆಲ್ಲ ಲಾರಿಗೆ ಏರಿತು. ಟ್ಯಾಂಕಿನ ಎತ್ತುಗಳನ್ನು ಬಿಚ್ಚಿ ಅವುಗಳ ಯಜಮಾನ ಮನೆಗೆ ಹೊಡೆದುಕೊಂಡು ಹೋದ. ಬಿಸಿಲು ಇನ್ನೂ ಸ್ವಲ್ಪ ಇತ್ತು. ಕಣದ ಮೇಲೆ ನಲವತ್ತು ಜನರ ಬೂಟಿನ ಮೊಳೆಗಳು ಬಗ್ಗಡವನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಿದ್ದವು. ಅವಳು ಮಂಕರಿಯಲ್ಲಿ ಸಗಣಿ ತಂದು ಇಳಿಸಿ, ಸೀರೆ ಎತ್ತಿ ಕಟ್ಟಿ, ಒಂದು ಅಂಚಿನಿಂದ ಸಾರಿಸಲು ಶುರುಮಾಡಿದಳು.

"ನೀರು ತರ್ಲಾ ಅವ್ವ?" ಎಂದೆ.

"ತಾ."

ಬಾವಿಯಿಂದ ಎರಡು ಕೊಡ ಸೇದಿಕೊಂಡು ಬಂದೆ. ಕಣದ ಅಂಚಿಗೆ ಬಂದಾಗ ಕಾಲು ತಾನಾಗಿ ನಿಂತಿತು. ಕೊಡಗಳನ್ನು ಇಳಿಸಿ, ಕುಕ್ಕರಗಾಲಲ್ಲಿ ಕೂತು, ಲೇಸಿಗೆ ಕೈ ಹಾಕಿದೆ. ಗಂಟು ಬಿಗಿಯಾಗಿತ್ತು, ಅವಸರಕ್ಕೆ ಇನ್ನಷ್ಟು ಸಿಕ್ಕಾಯಿತು. ಅವಳು ಸಾರಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ನಿಧಾನಕ್ಕೆ ಬಿಚ್ಚಪ್ಪಾ," ಎಂದಳು. "ಎರಡೂ ಬಿಚ್ಚು. ಇಲ್ಲಿ ಯಾರೂ ಗುಂಡು ಹೊಡಿಯಲ್ಲ."